ಕಾಜಲ ಆರಿಸಿದ ಕ್ಲಾಸು

ರವಿವಾರ, ೧೬ ನವೆಂಬರ್ ೨೦೨೫, ಮಿರಜ

ಡಾನ್ಸ್ ಕ್ಲಾಸಿನ ಫಾರ್ಮು ಇನ್ನೂ ಜೇಬಿನಲ್ಲೇ ಇದೆ. ಮಗಳನ್ನು ಡಾನ್ಸಿಗೆ ಹಾಕಬೇಕೆಂದು ಯೋಗಿತಾ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಹೇಳುತ್ತಿದ್ದಳು. ಅವಳು ಹೋಗಿ ಎಂಟು ತಿಂಗಳಾಯಿತು. ಹೆಂಡತಿ ಕೇಳಿದ್ದು ಇದೊಂದೇ. ಅದನ್ನೂ ನಡೆಸದಿದ್ದರೆ ಹೇಗೆ?

ಬೆಳಿಗ್ಗೆ ವಿಶ್ರಾಮಬಾಗಿನ ಕ್ಲಾಸಿಗೆ ಹೋದೆವು. ಕಾಜಲ ಒಂದು ತಾಸು ನನ್ನ ಕಾಲು ಬಿಡಲಿಲ್ಲ. ಬರುವಾಗ, ನಾನು ಹಿಂದೆ ಕುಸ್ತಿ ಕಲಿತ ಗಂಗಪ್ಪ ಕಾಕಾನ ತಾಲೀಮಿನ ಗರಡಿಯಲ್ಲಿ ನೀರು ಕುಡಿಯಲು ನಿಂತೆ. ನಾನು ತಂಬಿಗೆ ಎತ್ತುವಷ್ಟರಲ್ಲಿ ನನ್ನ ನಾಲ್ಕು ವರ್ಷದ ಮಗಳು ಕುಸ್ತಿಯ ಮಣ್ಣಿಗಿಳಿದು, ಕಾಕಾನ ಮೊಮ್ಮಗನನ್ನು ಕೆಡವಿ, ಅವನ ಹೊಟ್ಟೆಯ ಮೇಲೆ ಕೂತಿದ್ದಳು.

"ಪ್ರತಾಪ, ಡಾನ್ಸ ಬಿಡಪಾ, ಈಕೀನ ನನಗ ಕೊಡು. ನೀ ಮೂರು ವರ್ಷ ಮಣ್ಣು ತಿಂದರೂ ಒಬ್ಬಾಂವನ್ನೂ ಕೆಡವಲಿಲ್ಲ!" ಎಂದು ಕಾಕಾ ನಕ್ಕರು.

ಅರಿಸಿನ, ಮಜ್ಜಿಗೆ ಬೆರೆಸಿದ ಆ ಕೆಂಪು ಮಣ್ಣು ಅವಳ ತಲೆತುಂಬ ಮೆತ್ತಿತ್ತು. ಮನೆಗೆ ಬಂದಿದ್ದ ಯೋಗಿತಾಳ ತಂಗಿ ಛಾಯಾ ಸಿಟ್ಟಾಗುತ್ತಾಳೆಂದು ಹೆದರಿದ್ದೆ. ಕಾಜಲಳ ತಲೆ ತೊಳೆಯುತ್ತ ನಡೆದದ್ದನ್ನು ಕೇಳಿದ ಅವಳು ಸಾಬೂನು ಕೈಬಿಟ್ಟು ನಕ್ಕಳು.

"ಮಾವಾ, ಅಕ್ಕ ನನ್ನ ದಿನಾ ಹಿಂಗ ಕೆಡವತಿದ್ಳ್ರಿ. ಹೊಟ್ಟೀ ಮ್ಯಾಲ ಕುಂತು 'ಸೋತ್ಯಾ?' ಅಂತಿದ್ಳು. ನಿಮಗ ಹೇಳೇ ಇಲ್ಲೇನ್ರಿ?"

"ಮಾವಶಿ, ನೀ ಸೋತ್ಯಾ?" ಎಂದಳು ಕಾಜಲ.

"ಸೋತ್ನಿ ನಮ್ಮವ್ವಾ, ಸೋತ್ನಿ!"

ನನಗೆ ಯೋಗಿತಾ ಹೇಳಿರಲಿಲ್ಲ. ಅವಳ ಬಗ್ಗೆ ಹೊಸ ಸುದ್ದಿ ಇನ್ನೆಂದೂ ಬರುವುದಿಲ್ಲ ಎಂದುಕೊಂಡಿದ್ದೆ. ಇಂದು ಒಂದು ಬಂತು. ಬುಧವಾರದಿಂದ ತಾಲೀಮು. ಛಾಯಾಳನ್ನು ಇನ್ನೂ ಕೇಳಬೇಕು, ಜಗಳ ಯಾವುದಕ್ಕೆ ಆಗುತ್ತಿತ್ತು, ಯಾರು ಮೊದಲು ಕೆಣಕುತ್ತಿದ್ದರು ಎಂದು.