ಅಡ್ಡದೀಪದ ಪರೀಕ್ಷೆ

ಮಾರ್ಚ್ ೧೪, ಗುರುವಾರ ರಾತ್ರಿ

ಬಾಯಿ, ನನ್ನ ಈ ಬಾಯಿ! ಬೆಳಗಿನಿಂದ ಅದೇ ಕೊರೆಯುತ್ತಿದೆ.

ವಿಮಾನದ ಮೈಮೇಲಿನ ಸಣ್ಣ ತಗ್ಗುಗಳನ್ನು ಹುಡುಕಲು ನಾನೂ, ಎಲ್ಲರೂ ಕಡ್ಡಿ ಎಂದು ಕರೆಯುವ ನನ್ನ ಸಹಪಾಠಿಯೂ ಮಾಡಿದ, ಪಕ್ಕದಿಂದ ಓರೆಯಾಗಿ ಬೆಳಕು ಚೆಲ್ಲುವ ಅಡ್ಡದೀಪಕ್ಕೆ ಇಂದು ಕೊನೆಯ ಪರೀಕ್ಷೆ. ಸೋತರೆ ಪ್ರಾಜೆಕ್ಟ್ ಗುಜರಿಗೆ. ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ಮುಖ್ಯ ಎಂಜಿನಿಯರ್ ಕೈಕಟ್ಟಿ ನಿಂತರು. ದೀಪ ಹಚ್ಚಿದೆವು. ರೆಕ್ಕೆ ನುಣ್ಣಗೆ ನಗುತ್ತಿತ್ತು; ಏನೂ ಕಾಣಲಿಲ್ಲ.

"ಮುಗೀತಾ ಆಟ?" ಎಂದರು.

ಆಗ ಅಮ್ಮ ನೆನಪಾದಳು. ನಾಟಕಕ್ಕೆ ಬಣ್ಣ ಹಚ್ಚಿಕೊಳ್ಳುತ್ತಾ ಗೊಣಗುತ್ತಿದ್ದಳು: "ಎದುರಿನ ದೀಪ ಸುಕ್ಕು ಮುಚ್ಚುತ್ತೆ ಕಣೇ, ಪಕ್ಕದ್ದು ಚಾಡಿ ಹೇಳುತ್ತೆ." ನಮ್ಮ ದೀಪ ಪಕ್ಕದಲ್ಲೇ ಇತ್ತು. ಆದರೆ ಮೇಲಿನ ದೊಡ್ಡ ದೀಪಗಳು ಅದರ ಬಾಯಿ ಮುಚ್ಚಿಸಿದ್ದವು. ಯೋಚಿಸುವ ಮೊದಲೇ ರಂಗದ ದನಿಯಲ್ಲಿ ಗುಡುಗಿದೆ: "ದೀಪಗಳೆಲ್ಲ ಆರಲಿ!"

ಸ್ವಿಚ್ ಬಳಿಯಿದ್ದವನು ಎಂಜಿನಿಯರ್ ಸಾಹೇಬರೇ ಹೇಳಿಸಿದ ಅಪ್ಪಣೆಯೆಂದುಕೊಂಡು ಇಡೀ ಹ್ಯಾಂಗರ್ ಕತ್ತಲು ಮಾಡಿಬಿಟ್ಟ. ಏಣಿಯ ಮೇಲಿಂದ ಒಬ್ಬರು, "ಯಾರ್ರೀ ಅದು, ನಾನಿಲ್ಲಿ ನೇತಾಡ್ತಿದೀನಿ!" ಎಂದು ಕಿರುಚಿದರು. ಆದರೆ ನಮ್ಮ ದೀಪವೊಂದೇ ಉರಿಯುತ್ತಿದ್ದ ಆ ಕತ್ತಲಲ್ಲಿ, ಆಹಾ, ರೆಕ್ಕೆಯ ಅಂಚಿನಲ್ಲಿ ಬೆರಳ ತುದಿಯಷ್ಟು ತಗ್ಗೊಂದು ಉದ್ದ ನೆರಳು ಚಾಚಿ ಪ್ರತ್ಯಕ್ಷವಾಯಿತು!

ಬೆಳಕು ಬಂದ ಮೇಲೆ ಬೈಗುಳವೋ ಬೈಗುಳ. ಕೊನೆಗೆ ಎಂಜಿನಿಯರ್ ಆ ಜಾಗವನ್ನು ಸವರುತ್ತಾ ಮೆಲ್ಲಗೆ, "ನಾಳೆ ಇನ್ನೊಂದು ರೆಕ್ಕೆ ನೋಡೋಣ. ಕತ್ತಲು ಬೇಕಾದ್ರೆ ಪರದೆ ತಗೊಂಡ್ ಬಾ ತಾಯಿ, ನಿನ್ನ ಗಂಟಲು ಬೇಡ" ಎಂದರು.

ಅಮ್ಮನ ಹಳೆಯ ಕಪ್ಪು ಪರದೆಯನ್ನು ಮಡಿಚಿ ಬಾಗಿಲ ಬಳಿ ಇಟ್ಟಿದ್ದೇನೆ. ಇನ್ನೂ ಬಣ್ಣದ ವಾಸನೆ ಇದೆ. ಇಷ್ಟು ವರ್ಷ ಅಮ್ಮನ ನಾಟಕದ ಪರದೆ ಎದ್ದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ನಾಳೆ ಅದು ಇಳಿದಾಗ...

ಅಮ್ಮ ಪಕ್ಕದ ಕೋಣೆಯಿಂದ ಕೇಳುತ್ತಿದ್ದಾಳೆ, "ನಾಳೆ ಮುಖ್ಯ ಪಾತ್ರ ಯಾರದ್ದೇ?"

ದೀಪದ್ದು, ಅಮ್ಮ. ನಾನು ಪರದೆ ಹಿಡಿಯುವವಳು.