ಅಕ್ಕಿ ಡಬ್ಬದಲ್ಲಿ ಸಿಕ್ಕಿದ ಪಾಸ್‌ಪೋರ್ಟು

ಕೇದಾರ ಘಾಟ್, ವಾರಾಣಸಿ
ಶುಕ್ರವಾರ

ತೀರ್ಥರೂಪ ಅಪ್ಪನವರಿಗೆ,

ಸಿಟ್ಟಿನಲ್ಲಿದ್ದರೂ ನಮಸ್ಕಾರ.

ನಿಮ್ಮ ಪಾಸ್‌ಪೋರ್ಟು, ದುಡ್ಡು ಎರಡೂ ಸಿಕ್ಕಿವೆ. ಯಾರೂ ಕದ್ದಿರಲಿಲ್ಲ. ಗಂಗಾಸ್ನಾನಕ್ಕೆ ಹೋಗುವಾಗ ನೀವೇ ನಮ್ಮ ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟು, ನೇಪಾಳದ ಬಸ್ಸು ಹತ್ತುವಾಗ ಮರೆತಿದ್ದೀರಿ. ಪರದೇಶಕ್ಕೆ ಹೋಗುತ್ತೀರೆಂದು ನಾನು ಹೊಲಿದುಕೊಟ್ಟ ಸೊಂಟದ ಚೀಲ ಇಲ್ಲೇ ಗೂಟದಲ್ಲಿ ನೇತಾಡುತ್ತಿತ್ತು.

ಸೊನೌಲಿ ಗಡಿಯಿಂದ ಫೋನ್ ಮಾಡಿ, "ನಿನ್ನ ಗಂಡನ ಜೇಬು ಒಂದ್ಸಲ ನೋಡಮ್ಮ, ಕಳ್ಳನ್ನ ಮನೇಲಿಟ್ಕೊಂಡಿದ್ದೀಯೇನೋ" ಎಂದಿರಿ. ನಾನು ರೊಟ್ಟಿ ಲಟ್ಟಿಸುತ್ತಿದ್ದೆ, ಫೋನು ಸ್ಪೀಕರಿನಲ್ಲಿತ್ತು. ಅವಧೇಶ್ ಪಕ್ಕದಲ್ಲೇ ಇದ್ದರು. ಮದುವೆಯಾಗಿ ಆರು ವರ್ಷವಾಯಿತಪ್ಪಾ, ಅಷ್ಟು ಕನ್ನಡ ಅವರಿಗೂ ಬರುತ್ತದೆ. ನಾನು ಫೋನ್ ಇಟ್ಟ ಮೇಲೆ "ಬಾಬೂಜಿ ನೇ ಖಾನಾ ಖಾಯಾ?" ಎಂದು ನಿಮ್ಮ ಊಟದ ಬಗ್ಗೆ ಕೇಳಿದರು, ಅಷ್ಟೇ.

ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಬಿಟ್ಟು ಹೋಗಬೇಕೆಂದು ನೀವು ಹಾಗಲಕಾಯಿ ಬಿಟ್ಟಿರಿ. ಅದನ್ನು ನೀವು ತಿಂದದ್ದನ್ನೇ ನಾನು ಕಂಡಿಲ್ಲ. ಅನುಮಾನವನ್ನು ಬಿಡಬಹುದಿತ್ತು.

ಗಡಿಯ ಧರ್ಮಶಾಲೆ ಬಿಟ್ಟು ಎಲ್ಲೂ ಹೋಗಬೇಡಿ ಎಂದು ನಾನು ಫೋನಿನಲ್ಲಿ ಹೇಳಿದ್ದು ಇದಕ್ಕೇ. ಎಲ್ಲವನ್ನೂ ಆ ಸೊಂಟದ ಚೀಲಕ್ಕೆ ಹಾಕಿ, ತೆರೆದ ತಕ್ಷಣ ಈ ಪತ್ರವೇ ಕೈಗೆ ಸಿಗುವಂತೆ ಮೇಲಿಟ್ಟಿದ್ದೇನೆ. ತರುತ್ತಿರುವವರು ಅವಧೇಶ್. ಅದಕ್ಕೆಂದೇ ರಜೆ ಹಾಕಿದ್ದಾರೆ. ಅದೇ ಡಬ್ಬದ ಅಕ್ಕಿಯ ಪುಳಿಯೋಗರೆ ಕಟ್ಟಿಕೊಟ್ಟಿದ್ದೇನೆ, ಇಬ್ಬರೂ ಜೊತೆಗೆ ಕೂತು ತಿನ್ನಿ.

ದುಡ್ಡನ್ನು ಮಾತ್ರ ಅವರೆದುರಿಗೆ ಎಣಿಸಬೇಡಿ.

ನಿಮ್ಮ ಮಗಳು,
ಪ್ರಾರ್ಥನಾ