ಹೊಡೆದ ಮೇಲೆ ಉಜ್ಜಬಾರದು

ಭಾನುವಾರ, ಸಂಜೆ

ನನ್ನ ಮುದ್ದು ಪುಟ್ಟೀ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದ ಅಕ್ಕನನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡಿರುತ್ತೀಯ, ಬೈದುಕೋ, ತಪ್ಪೇನಿಲ್ಲ. ಮಗಳಿಗೆ ಹಲ್ಲು ಬಂತೆಂದು ಓದಿ ಖುಷಿಯಾಯಿತು. ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆಂದು ದೂರಿದ್ದೀಯ. ನೀನೇನು ಕಡಿಮೆಯಿದ್ದೆಯಾ? ನನ್ನ ಮೊಣಕೈ ಮೇಲೆ ನಿನ್ನ ಹಲ್ಲಿನ ಗುರುತು ಇನ್ನೂ ಇದೆ.

ನಾನು ಚೆನ್ನಾಗಿಲ್ಲ ಕಣೇ. ಜ್ವರಗಿರ ಏನಿಲ್ಲ, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಯಾರ ಮುಂದಾದರೂ ಹೇಳಿಕೊಳ್ಳದಿದ್ದರೆ ತಲೆ ಸಿಡಿದುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

"ಅಕ್ಕಾ, ಆ ಯಂತ್ರದ ಮುಂದೆ ಕೂತು ದಿನವೆಲ್ಲ ಏನ್ ಮಾಡ್ತೀಯೆ?" ಎಂದು ಯಾವಾಗಲೂ ಕೇಳುತ್ತೀಯಲ್ಲ, ಕೇಳು. ಅಣು ರಿಯಾಕ್ಟರಿನ ಒಳಗೋಡೆಗೆ ಹಾಕುವ ಲೋಹ ಎಷ್ಟು ತಾಳುತ್ತದೆಂದು ವರ್ಷಗಟ್ಟಲೆ ಕಾದು ನೋಡಲಾಗದು. ಅದಕ್ಕೆ ಉಗುರಿನಷ್ಟು ತುಣುಕೊಂದನ್ನು ಗಾಳಿ ತೆಗೆದ ಪೆಟ್ಟಿಗೆಯಲ್ಲಿಟ್ಟು, ಅಯಾನುಗಳನ್ನು, ಅಂದರೆ ವಿದ್ಯುತ್ ತುಂಬಿದ ಪರಮಾಣುಗಳನ್ನು, ಭಾರೀ ವೇಗದಲ್ಲಿ ಅದಕ್ಕೆ ಹೊಡೆಯುತ್ತೇವೆ. ಭರ್ತಿಯಾದ ಸಿನಿಮಾ ಹಾಲಿನಲ್ಲಿ ಒಬ್ಬ ಧಡಿಯ ಓಡಿಬಂದು ಸಾಲಿನೊಳಗೆ ನುಗ್ಗಿದರೆ ಏನಾಗುತ್ತದೆ? ತಳ್ಳಿಸಿಕೊಂಡವನು ಇನ್ನಿಬ್ಬರ ಮೇಲೆ ಬೀಳುತ್ತಾನೆ. ಗಲಾಟೆ ಮುಗಿದ ಮೇಲೆ ಹೆಚ್ಚಿನವರು ಯಾವುದೋ ಒಂದು ಸೀಟು ಹಿಡಿಯುತ್ತಾರೆ. ಕೆಲವರು ಮಾತ್ರ ಇಬ್ಬರ ನಡುವೆ ತುರುಕಿಕೊಂಡು ಕೂರುತ್ತಾರೆ, ಅವರ ಸೀಟು ಖಾಲಿಯೇ ಉಳಿಯುತ್ತದೆ. ಲೋಹದೊಳಗಿನ ಪರಮಾಣುಗಳ ಪಾಡೂ ಅದೇ. ಆ ಖಾಲಿ ಜಾಗಗಳು ಒಂದುಗೂಡಿ ಗುಳ್ಳೆಗಳಾಗುತ್ತವೆ, ಲೋಹ ಊದಿಕೊಳ್ಳುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ನಾವು ಹೊಡೆಯುವ ಪೆಟ್ಟೆಲ್ಲ ಮೇಲಿನ ತೊಗಲಿಗೆ ಮಾತ್ರ, ಕೂದಲೆಳೆಗಿಂತ ತೆಳುವಾದ ಪದರಕ್ಕೆ. ಅದಕ್ಕೇ ಪಾಲಿಶ್ ಏನಿದ್ದರೂ ಅಯಾನು ಹೊಡೆಯುವ ಮುಂಚೆ. ಹೊರತೆಗೆದ ಮೇಲೆ ಬಟ್ಟೆಯಲ್ಲೂ ಒರೆಸಬಾರದು.

ಈ ಸಲ ಪೆಟ್ಟು ಜೋರಾಗಿಯೇ ಬಿದ್ದಿತ್ತು. ತುಣುಕಿನ ಅರ್ಧ ಭಾಗ ಮುಚ್ಚಿಟ್ಟು ಉಳಿದರ್ಧಕ್ಕೆ ಹೊಡೆದಿದ್ದೆ. ಹೊಡೆದ ಭಾಗ ಮಾಸಿತ್ತು, ಕಣ್ಣಿಗೆ ಕಾಣದಷ್ಟು ಊದಿತ್ತು. ಮೇಲ್ಮೈ ಅಳೆಯುವ ಸೂಜಿ ಹಾಯಿಸಿದರೆ ನಡುವೆ ಒಂದು ಮೆಟ್ಟಿಲು ಕಾಣಿಸಿತು. ಈ ಲೋಹ ಗೋಡೆಗೆ ಬೇಡ ಎನ್ನಲು ಇನ್ನೇನು ಬೇಕು? ಎಲ್ಲರೆದುರು ಇನ್ನೊಮ್ಮೆ ಅಳೆದು ತೋರಿಸೋಣವೆಂದು ಎತ್ತಿಟ್ಟೆ.

ಅಷ್ಟರಲ್ಲಿ ನಮ್ಮಿಂದ ಈ ಲೋಹ ಕೊಳ್ಳುವ ಕಂಪನಿಯವರು ನೋಡಲು ಬರುತ್ತಾರೆಂದು ನಮ್ಮ ದೊಡ್ಡ ಸಾಹೇಬರಿಗೆ ಎಲ್ಲಿಲ್ಲದ ಸಡಗರ. "ಇಷ್ಟು ಮಾಸಿದ್ದನ್ನ ಅತಿಥಿಗಳ ಮುಂದೆ ಇಡೋದಾ? ಮಾನ ಮರ್ಯಾದೆ ಬೇಡ್ವಾ?" ಅಂದರಂತೆ. ನಾನಿಲ್ಲದ ಹೊತ್ತು ನೋಡಿ ತುಣುಕನ್ನು ಪಾಲಿಶ್ ಕೋಣೆಗೆ ಕಳಿಸಿಬಿಟ್ಟರು. ಯೋಚನೆ ಮಾಡು ಪುಟ್ಟೀ! ಪೆಟ್ಟು ಬಿದ್ದ ಪದರವನ್ನೇ ಉಜ್ಜಿ ಮೋರಿಗೆ ತೊಳೆದುಬಿಟ್ಟರು. ಮರುದಿನ ಅತಿಥಿಗಳೆದುರು ಸೂಜಿ ಹಾಯಿಸಿದರೆ ಮೆಟ್ಟಿಲೇ ಇಲ್ಲ! "ನೋಡಿ, ನಮ್ಮ ಲೋಹಕ್ಕೆ ಒಂದು ಗೀರೂ ಬಿದ್ದಿಲ್ಲ" ಎಂದು ಸಾಹೇಬರು ಬೀಗಿದರು. ಬಂದವರು ಚಪ್ಪಾಳೆ ತಟ್ಟಿದರು.

"ಸಾರ್, ಇದನ್ನ ಯಾರೋ ಉಜ್ಜಿದ್ದಾರೆ!" ಎಂದು ಅಲ್ಲೇ ಕೂಗಿದೆ. ಸಾಹೇಬರು ನಕ್ಕರು. "ಪಾಪ, ಮೇಡಂಗೆ ಕೆಲಸ ಜಾಸ್ತಿಯಾಗಿದೆ" ಎಂದು ಪಾಲಿಶ್ ಕೋಣೆಯ ಮುಖ್ಯಸ್ಥರನ್ನು ಕರೆಸಿದರು. ಅವರು ಬಾಗಿಲಲ್ಲೇ ನಿಂತು, ನೆಲ ನೋಡುತ್ತ, "ಯಾರೂ ಮುಟ್ಟಿಲ್ಲ ಸಾರ್" ಅಂದುಬಿಟ್ಟರು. ಉಗುರಿನ ಸಂದಿಯಲ್ಲಿ ಪಾಲಿಶ್ ಪುಡಿ ಇನ್ನೂ ಮೆತ್ತಿಕೊಂಡಿತ್ತು! ಥೂ, ಹೀಗೂ ಸುಳ್ಳು ಹೇಳುತ್ತಾರಾ ಮನುಷ್ಯರು?

ಈಗ ಎಲ್ಲರ ಬಾಯಲ್ಲೂ ನಾನು ತಲೆಕೆಟ್ಟವಳು. ಆ ಲೋಹ ಗೋಡೆಗೆ ಹೋದರೆ ಅದರ ಪಕ್ಕದಲ್ಲಿ ದಿನಾ ದುಡಿಯುವವರ ಗತಿಯೇನು? ಅವರ ಮನೆಗಳಲ್ಲೂ ಹಲ್ಲು ಬರುವ ಮಕ್ಕಳಿರುವುದಿಲ್ಲವೇ? ವರದಿಗೆ ನನ್ನ ಹೆಸರು ಹಾಕಕೂಡದು ಎಂದೆ. "ಬೇಡ ಬಿಡಿ, ಹೆಸರು ಕೊಡೋರು ಬೇಕಾದಷ್ಟು ಜನ ಇದ್ದಾರೆ" ಅಂದರು ಸಾಹೇಬರು. ನಾಳೆ ಕಂಪನಿಯವರು ಒಪ್ಪಂದಕ್ಕೆಂದು ಮತ್ತೆ ಬರುತ್ತಾರೆ. ಬಾಗಿಲಲ್ಲೇ ಅಡ್ಡ ನಿಂತು ನಡೆದದ್ದೆಲ್ಲ ಹೇಳುತ್ತೇನೆ, ಹೊಸ ತುಣುಕು ತನ್ನಿ, ನಿಮ್ಮೆದುರೇ ಹೊಡೆಯುತ್ತೇನೆ ಎನ್ನುತ್ತೇನೆ. ಕೆಲಸ ಹೋದರೆ ಹೋಗಲಿ. ಸುಮ್ಮನೆ ಬಿಡುವವಳಲ್ಲ ನಾನು, ನಿನಗೇ ಗೊತ್ತಲ್ಲ.

ಹೊಸ ಹಲ್ಲಿನ ಪುಟಾಣಿಗೆ ಅವಳ ದೊಡ್ಡಮ್ಮನ ಮುತ್ತುಗಳು. ನೀನು ಹೊತ್ತುಹೊತ್ತಿಗೆ ಊಟ ಮಾಡು, ನಿದ್ದೆಗೆಡಬೇಡ. ನಿನ್ನ ಮನೆ ಸದಾ ತಣ್ಣಗಿರಲಿ.

ಇಂತಿ ನಿನ್ನ,
ಅಕ್ಕ

ಇನ್ನೊಂದು ಮಾತು: "ಭಾವ ಹೇಗಿದ್ದಾರೆ?" ಎಂದು ಕೇಳಿದ್ದೆಯಲ್ಲ. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಪಾಲಿಶ್ ಕೋಣೆಯ ಮುಖ್ಯಸ್ಥರು ಅಂದೆನಲ್ಲ, ಅವರೇ ನಿನ್ನ ಭಾವ. ಬಡ್ತಿ ಸಿಕ್ಕಿದ್ದು ಮೊನ್ನೆ ಮೊನ್ನೆ. ಮದುವೆಗೆ ಮುಂಚಿನಿಂದಲೂ ನನ್ನ ತುಣುಕುಗಳನ್ನೆಲ್ಲ ಅವರೇ ಉಜ್ಜಿ ಕೊಡುತ್ತಿದ್ದದ್ದು. ಹೊಡೆದ ಮೇಲೆ ಮುಟ್ಟಬಾರದೆಂದು ಹೊಸಬರಿಗೆ ಹೇಳಿಕೊಡುವವರೂ ಅವರೇ. "ಗೊತ್ತಿದ್ದೂ ಉಜ್ಜಿದಿರಾ?" ಎಂದು ಮನೆಗೆ ಬಂದು ಕೇಳಿದೆ. "ಸಾಹೇಬ್ರು ಹೇಳಿದ್ಮೇಲೆ ಏನ್ ಮಾಡ್ಲಿ? ಅದಕ್ಯಾಕೆ ಇಷ್ಟು ಕೋಪ? ಇನ್ನೊಂದು ತುಣುಕು ಇದಕ್ಕಿಂತ ಚೆನ್ನಾಗಿ ಉಜ್ಜಿ ಕೊಡ್ತೀನಿ ಬಿಡು" ಅಂದರು. ಈಗ ತಾನೇ ಚಹಾ ಮಾಡಿ ನನ್ನ ಮೇಜಿನ ಮೇಲಿಟ್ಟು ಹೋದರು. ಕುಡಿದಿಲ್ಲ. ಉಜ್ಜಿದ್ದು ಯಾರೆಂದು ನಾಳೆ ಕಂಪನಿಯವರು ಕೇಳಿಯೇ ಕೇಳುತ್ತಾರೆ. ನನ್ನ ಗಂಡ ಎಂದು ಹೇಳುತ್ತೇನೆ.